ಉರುಳುವ ಗಾಲಿಯ ಲೆಕ್ಕ

ಪ್ರವೇಶ

ಉರುಳುವ ಗಾಲಿಯನ್ನು ಕಾಣದವರಿಲ್ಲ. ಆದರೆ ಉರುಳುವುದೆಂದರೆ ಏನು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಸುಲಭವಲ್ಲ. ಗಣಕಯಂತ್ರದ ತೆರೆಯ ಮೇಲೆ ರೈಲುಗಾಲಿಯೊಂದನ್ನು ಹಳಿಯ ಉದ್ದಕ್ಕೂ ಉರುಳಿಸಲು ಹೊರಟವರಿಗೆ ಮೊದಲು ಎದುರಾಗುವುದು ಈ ಪ್ರಶ್ನೆಯೇ. ಕಣ್ಣಿಗೆ ನಿಜವೆಂದು ತೋರುವ ಚಿತ್ರ ಲೆಕ್ಕದಲ್ಲಿ ಸುಳ್ಳಾಗಬಹುದು. ಆ ಸುಳ್ಳನ್ನು ಪ್ರೌಢಶಾಲೆಯ ಗಣಿತದಿಂದಲೇ ಹಿಡಿಯಬಹುದೆಂಬುದನ್ನು ಈ ಪಾಠ ವಿವರಿಸುತ್ತದೆ.

*

ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳು ಬಂಡೆಗಲ್ಲಿನ ನಾಡು. ಗಿಡಮೂಲಿಕೆಗಳಿಗೆ ಹೆಸರಾದ ಸಿದ್ದರಬೆಟ್ಟ, ಏಕಶಿಲೆಯಾಗಿ ಎದ್ದುನಿಂತ ಮಧುಗಿರಿಯ ಕೋಟೆಬೆಟ್ಟ, ಪಾವಗಡದ ದುರ್ಗ ಇವೆಲ್ಲವೂ ಈ ಸೀಮೆಯಲ್ಲಿವೆ. ಮಳೆ ಕಡಿಮೆಯಾದ ಈ ನೆಲದಲ್ಲಿ ಬೆಳೆದ ಕಡಲೆಕಾಯಿಯೂ ಹುಣಸೆಹಣ್ಣೂ ತಲೆಮಾರುಗಳ ಕಾಲ ಎತ್ತಿನ ಗಾಡಿಯಲ್ಲಿ, ಅನಂತರ ಲಾರಿಯಲ್ಲಿ ಸಂತೆ ಪೇಟೆಗಳನ್ನು ಸೇರಿದವು. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಆದರೆ ಈ ನಾಲ್ಕು ಊರುಗಳಿಗೆ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ರೈಲು ಬರಲಿಲ್ಲ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಆಂಧ್ರಪ್ರದೇಶದ ರಾಯದುರ್ಗವನ್ನು ಸೇರುವ, ಸುಮಾರು 207 ಕಿಲೋಮೀಟರ್ ಉದ್ದದ ಹೊಸ ರೈಲುಮಾರ್ಗಕ್ಕೆ 2007–08ನೆಯ ಸಾಲಿನಲ್ಲಿ ಮಂಜೂರಾತಿ ದೊರೆಯಿತು. ಬೆಟ್ಟಗಳ ನಡುವೆ ಹಳಿ ಹಾಕುವವರಿಗೆ ನೇರವಾದ ದಾರಿ ಎಲ್ಲೆಡೆಯೂ ಸಿಕ್ಕುವುದಿಲ್ಲ. ದಾರಿ ಬಾಗಬೇಕಾಗುತ್ತದೆ, ದಾರಿ ಬಾಗಿದಲ್ಲಿ ಗಾಲಿಯೂ ಅದಕ್ಕೆ ಹೊಂದಿಕೊಂಡು ಉರುಳಬೇಕಾಗುತ್ತದೆ.

ಎತ್ತಿನ ಗಾಡಿಯ ಗಾಲಿಗೂ ರೈಲಿನ ಗಾಲಿಗೂ ಒಂದು ಮುಖ್ಯವಾದ ಭೇದವುಂಟು. ಗಾಡಿಯ ಅಚ್ಚು ತಾನು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಗಾಲಿಗಳು ಬೇರೆ ಬೇರೆಯಾಗಿ ಸುತ್ತುತ್ತವೆ. ಗಾಲಿ ಕಳಚಿ ಬೀಳದಂತೆ ಕಡೆಗೀಲು ಅದನ್ನು ತಡೆದಿರುತ್ತದೆ. ಗಾಡಿ ಬಲಕ್ಕೆ ತಿರುಗಿದಾಗ ಎಡಗಾಲಿ ಹೆಚ್ಚು ಸುತ್ತುಗಳನ್ನೂ ಬಲಗಾಲಿ ಕಡಿಮೆ ಸುತ್ತುಗಳನ್ನೂ ಹಾಕಬಲ್ಲದು. ರೈಲಿನ ಗಾಲಿಗಳಿಗೆ ಈ ಸ್ವಾತಂತ್ರ್ಯವಿಲ್ಲ. ಎರಡು ಉಕ್ಕಿನ ಗಾಲಿಗಳನ್ನು ಒಂದೇ ಉಕ್ಕಿನ ಅಚ್ಚಿಗೆ ಭಾರಿ ಒತ್ತಡದಿಂದ ಕೂಡಿಸಿರುತ್ತಾರೆ. ಒಂದು ಗಾಲಿ ಒಂದು ಸುತ್ತು ಹಾಕಿದರೆ ಮತ್ತೊಂದೂ ಸರಿಯಾಗಿ ಒಂದು ಸುತ್ತು ಹಾಕಲೇಬೇಕು.

ಇಂತಹ ಗಾಲಿಗಳನ್ನೂ ಅಚ್ಚುಗಳನ್ನೂ ತಯಾರಿಸುವ ಭಾರತೀಯ ರೈಲ್ವೆಯ ಕಾರ್ಖಾನೆಯೊಂದು ಬೆಂಗಳೂರಿನ ಯಲಹಂಕದಲ್ಲಿದೆ. ತುಮಕೂರಿಗೆ ರೈಲು ಬಂದ ಸರಿಯಾಗಿ ನೂರು ವರ್ಷಗಳ ಮೇಲೆ, 1984ರಲ್ಲಿ, ಈ ಕಾರ್ಖಾನೆ ಆರಂಭವಾಯಿತು. ಹಳೆಯ ಉಕ್ಕಿನ ಚೂರುಗಳನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಆ ದ್ರವವನ್ನು ಗ್ರಾಫೈಟಿನ ಅಚ್ಚುಗಳಿಗೆ ಒತ್ತಡದಿಂದ ಏರಿಸಿ, ಅಲ್ಲಿ ಗಾಲಿಗಳನ್ನು ಎರಕ ಹೊಯ್ಯುತ್ತಾರೆ. ಉಕ್ಕು ಹೊಯ್ದ ಮೇಲೆ ತಪ್ಪನ್ನು ತಿದ್ದುವುದು ದುಬಾರಿ. ಗಾಲಿ ಹಳಿಯ ಮೇಲೆ ಏರಿದ ಮೇಲೆ ತಿದ್ದುವುದು ಅಪಾಯಕರ. ಆದುದರಿಂದ ಗಾಲಿ, ಹಳಿ ಮುಂತಾದವು ಲೋಹದಲ್ಲಿ ಮೂಡುವ ಮೊದಲೇ ರೇಖೆಗಳಲ್ಲಿ ಮೂಡಿ ಪರೀಕ್ಷೆಗೆ ಒಳಗಾಗಬೇಕು.

ಹಿಂದೆ ಈ ರೇಖೆಗಳನ್ನು ಎಂಜಿನಿಯರುಗಳು ದೊಡ್ಡ ಹಲಗೆಯ ಮೇಲೆ ಕಾಗದ ಹರಡಿ, ಸೀಸದ ಕಡ್ಡಿ, ಕೈವಾರ, ಮೂಲೆಮಟ್ಟಗಳಿಂದ ಎಳೆಯುತ್ತಿದ್ದರು. ಕಾಗದದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದು ಅಲುಗದು. 1963ರಲ್ಲಿ ಅಮೆರಿಕದ ಐವನ್ ಸದರ್‌ಲ್ಯಾಂಡ್ ಎಂಬ ವಿಜ್ಞಾನಿ ಗಣಕಯಂತ್ರದ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ನೇರವಾಗಿ ಚಿತ್ರ ಬರೆಯುವ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ಲೋಕದ ಮುಂದಿಟ್ಟನು. ಎರಡು ರೇಖೆಗಳು ಸಮಾಂತರವಾಗಿಯೇ ಇರಬೇಕು, ಇವೆರಡು ಸಮಾನ ಉದ್ದದವೇ ಆಗಿರಬೇಕು ಎಂಬಂಥ ಕಟ್ಟಳೆಗಳನ್ನು ಚಿತ್ರಕ್ಕೆ ವಿಧಿಸುವುದು ಅದರಲ್ಲಿ ಸಾಧ್ಯವಾಯಿತು. ಆ ದಾರಿಯಲ್ಲಿ ಬೆಳೆದುದೇ ಇಂದು ‘ಕ್ಯಾಡ್’ ಎಂದು ಕರೆಯಲ್ಪಡುವ, ಗಣಕದ ನೆರವಿನಿಂದ ನಕ್ಷೆ ರಚಿಸುವ ವಿದ್ಯೆ. ಇದರಲ್ಲಿ ಯಂತ್ರದ ಭಾಗಗಳನ್ನು ಬಿಡಿಬಿಡಿಯಾಗಿ ರಚಿಸಿ, ಜೋಡಿಸಿ, ಅವು ಚಲಿಸುವ ಬಗೆಯನ್ನೂ ಕಾಣಬಹುದು. ನಿಜವಾದ ಚಲನೆಯನ್ನು ಹೀಗೆ ತೆರೆಯ ಮೇಲೆ ಅನುಕರಿಸುವುದಕ್ಕೆ ‘ಸಿಮ್ಯುಲೇಷನ್’ ಎಂದು ಹೆಸರು. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ‘ಫ್ರೀಕ್ಯಾಡ್’ ಎಂಬ ತಂತ್ರಾಂಶದಲ್ಲಿಯೂ 2024ರಿಂದ ಇಂತಹ ಜೋಡಣೆಗೆ ಬೇಕಾದ ಸಾಧನಗಳು ಸೇರಿವೆ.

ಪಾಲಿಟೆಕ್ನಿಕ್ಕಿನಲ್ಲಿ ಓದುವ ವಿದ್ಯಾರ್ಥಿನಿಯೊಬ್ಬಳು ಇಂತಹ ತಂತ್ರಾಂಶದಲ್ಲಿ ಒಂದು ಹಳಿಯನ್ನೂ ಅದರ ಮೇಲೆ ಒಂದು ಗಾಲಿಯನ್ನೂ ರಚಿಸಿದಳೆಂದು ಭಾವಿಸಬಹುದು. ಗಾಲಿ ಹಳಿಯನ್ನು ಮುಟ್ಟಿಕೊಂಡೇ ಇರಬೇಕೆಂಬ ಕಟ್ಟಳೆಯನ್ನು ಅವಳು ವಿಧಿಸುತ್ತಾಳೆ. ಅನಂತರ ಗಾಲಿಯನ್ನು ಮುಂದಕ್ಕೆ ಎಳೆಯುತ್ತಾಳೆ. ಗಾಲಿ ಮುಂದೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಒದ್ದೆ ನೆಲದ ಮೇಲೆ ತಟ್ಟೆ ಜಾರಿದಂತೆ ಅದು ಜಾರುತ್ತದೆ. ಅವಳು ಗಾಲಿಯನ್ನು ತಿರುಗಿಸಿ ನೋಡುತ್ತಾಳೆ. ಈಗ ಅದು ತಿರುಗುತ್ತದೆ; ಆದರೆ ಇದ್ದಲ್ಲಿಂದ ಕದಲುವುದಿಲ್ಲ. ಕೆಸರಿನಲ್ಲಿ ಹೂತ ಲಾರಿಯ ಚಕ್ರದಂತೆ ವ್ಯರ್ಥವಾಗಿ ಸುತ್ತುತ್ತದೆ. ಎಷ್ಟು ಪ್ರಯತ್ನಿಸಿದರೂ ಗಾಲಿ ಉರುಳುವುದಿಲ್ಲ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಲೋಕದಲ್ಲಿ ಗಾಲಿಯನ್ನು ಉರುಳಿಸುವುದು ಗಾಲಿಗೂ ಹಳಿಗೂ ನಡುವಣ ಘರ್ಷಣೆ. ತೆರೆಯ ಮೇಲಿನ ಗಾಲಿಗೆ ಭಾರವಿಲ್ಲ, ಹಳಿಗೆ ಒರಟುತನವಿಲ್ಲ. ಅವು ಕೇವಲ ಆಕಾರಗಳು. ಗಾಲಿ ಮುಂದೆ ಸಾಗುವುದು ಒಂದು ಚಲನೆ, ತನ್ನ ಅಕ್ಷದ ಸುತ್ತ ತಿರುಗುವುದು ಇನ್ನೊಂದು ಚಲನೆ. ಈ ಎರಡನ್ನೂ ಒಂದು ನಿಯಮದಿಂದ ಕಟ್ಟಿದಾಗ ಮಾತ್ರ ಉರುಳುವಿಕೆ ಹುಟ್ಟುತ್ತದೆ. ಆ ನಿಯಮ ಇದು: ಗಾಲಿ ಒಂದು ಸುತ್ತು ತಿರುಗಿದಾಗ ತನ್ನ ಪರಿಧಿಯಷ್ಟೇ ದೂರ ಮುಂದೆ ಸಾಗಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಹಲ್ಲುಪಟ್ಟಿಯ ಮೇಲೆ ಹಲ್ಲುಚಕ್ರ ಓಡುವಂತೆ ಎರಡು ಚಲನೆಗಳನ್ನೂ ಬೆಸೆಯುವ ಕಟ್ಟಳೆಯೊಂದು ಇಂತಹ ತಂತ್ರಾಂಶಗಳಲ್ಲಿರುತ್ತದೆ. ಅದನ್ನು ಆರಿಸಿ, ಒಂದು ಸುತ್ತಿಗೆ ಎಷ್ಟು ದೂರ ಎಂಬ ಸಂಖ್ಯೆಯನ್ನು ಅವಳು ತುಂಬಬೇಕು.

ಆ ಸಂಖ್ಯೆಯನ್ನು ಕೊಡುವುದು ಗಣಕವಲ್ಲ, ಮನುಷ್ಯ. ಭಾರತದ ಪ್ರಯಾಣಿಕರ ಬೋಗಿಯ ಹೊಸ ಗಾಲಿಯ ವ್ಯಾಸ 915 ಮಿಲಿಮೀಟರ್. ವ್ಯಾಸವನ್ನು ‘ಪೈ’ ಎಂಬ ಸ್ಥಿರಾಂಕದಿಂದ ಗುಣಿಸಿದರೆ ಪರಿಧಿ 2,874.56 ಮಿಲಿಮೀಟರ್ ಎಂದು ದೊರೆಯುತ್ತದೆ. ಹಾಗಾದರೆ ಒಂದು ಕಿಲೋಮೀಟರ್ ಓಡಲು ಗಾಲಿ ಸುಮಾರು 348 ಸುತ್ತು ಹಾಕಬೇಕು. ಇಲ್ಲಿ ಪೈಯ ಬೆಲೆಯನ್ನು ಶಾಲೆಯ ಅಭ್ಯಾಸದಂತೆ 22/7 ಎಂದು ಹಿಡಿದರೆ ಪರಿಧಿ 2,875.71 ಮಿಲಿಮೀಟರ್ ಆಗುತ್ತದೆ. ಒಂದು ಸುತ್ತಿಗೆ ಬರುವ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಯಾವ ಕಣ್ಣೂ ಅದನ್ನು ಕಾಣದು. ಆದರೆ ಒಂದು ಕಿಲೋಮೀಟರಿನಲ್ಲಿ ಈ ತಪ್ಪು ಸುಮಾರು 40 ಸೆಂಟಿಮೀಟರ್ ಆಗುತ್ತದೆ. ತುಮಕೂರಿನಿಂದ ಹೊರಟ ಲೆಕ್ಕದ ರೈಲು 207 ಕಿಲೋಮೀಟರ್ ಕ್ರಮಿಸಿ ರಾಯದುರ್ಗವನ್ನು ಮುಟ್ಟುವ ಹೊತ್ತಿಗೆ ತಪ್ಪು 80 ಮೀಟರನ್ನು ದಾಟಿರುತ್ತದೆ. ಹನಿ ಹನಿಗೂಡಿ ಹಳ್ಳವಾಗುವುದು ನೀರಿಗೆ ಮಾತ್ರವಲ್ಲ, ತಪ್ಪಿಗೂ ಸಲ್ಲುವ ಮಾತು.

ಗಾಲಿಯ ವ್ಯಾಸವೂ ಎಂದಿಗೂ ಒಂದೇ ಆಗಿ ಉಳಿಯುವುದಿಲ್ಲ. ಓಡಿ ಓಡಿ ಗಾಲಿ ಸವೆಯುತ್ತದೆ. ಸವೆದ ಗಾಲಿಯನ್ನು ಕಾರ್ಯಾಗಾರದಲ್ಲಿ ಕಡೆದು ಮತ್ತೆ ಸರಿಯಾದ ಆಕಾರಕ್ಕೆ ತರುತ್ತಾರೆ; ಪ್ರತಿಯೊಂದು ಬಾರಿ ಕಡೆದಾಗಲೂ ವ್ಯಾಸ ಕುಗ್ಗುತ್ತದೆ. 915 ಮಿಲಿಮೀಟರಿನ ಗಾಲಿ 885ಕ್ಕೆ ಇಳಿದಿದೆಯೆಂದು ಭಾವಿಸಿ, ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡು ದೂರವನ್ನು ಎಣಿಸಿದರೆ, ಒಂದು ಕಿಲೋಮೀಟರ್ ಬಂತೆಂದು ಲೆಕ್ಕ ಹೇಳುವಾಗ ರೈಲು ನಿಜವಾಗಿ 33 ಮೀಟರ್ ಹಿಂದೆಯೇ ಇರುತ್ತದೆ. ಇದು ಕೇವಲ ಪುಸ್ತಕದ ಲೆಕ್ಕವಲ್ಲ. ರೈಲುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ, ಕೆಂಪು ಸಂಕೇತವನ್ನು ದಾಟದಂತೆ ತಡೆಯಲು ಭಾರತದಲ್ಲಿ ರೂಪುಗೊಂಡ ‘ಕವಚ್’ ವ್ಯವಸ್ಥೆಯು ರೈಲಿನ ವೇಗವನ್ನೂ ದೂರವನ್ನೂ ಗಾಲಿಯ ಸುತ್ತುಗಳನ್ನು ಎಣಿಸಿಯೇ ತಿಳಿಯುತ್ತದೆ. ಆದುದರಿಂದ ಗಾಲಿಯ ವ್ಯಾಸವನ್ನು ಅದಕ್ಕೆ ಸರಿಯಾಗಿ ತಿಳಿಸಿರಬೇಕು. ಎಣಿಕೆಯಲ್ಲಿ ಸೇರಿಕೊಳ್ಳುವ ತಪ್ಪನ್ನು ಆಗಾಗ ತಿದ್ದುವುದಕ್ಕಾಗಿ ಹಳಿಗಳ ನಡುವೆ ಸ್ಥಳವನ್ನು ಸೂಚಿಸುವ ಸಂಕೇತಪಟ್ಟಿಗಳನ್ನೂ ಅಳವಡಿಸಿರುತ್ತಾರೆ.

ತೆರೆಯ ಮೇಲಿನ ಗಾಲಿ ಸರಿಯಾಗಿ ಉರುಳುತ್ತಿದೆಯೇ ಎಂಬುದನ್ನು ಸುಮ್ಮನೆ ನೋಡಿ ಹೇಳಲಾಗದು. ಚಲನಚಿತ್ರದಲ್ಲಿ ಮುಂದಕ್ಕೆ ಧಾವಿಸುವ ರಥದ ಚಕ್ರಗಳು ಹಿಂದಕ್ಕೆ ಸುತ್ತುತ್ತಿರುವಂತೆ ತೋರುವುದನ್ನು ಅನೇಕರು ಕಂಡಿರುತ್ತಾರೆ. ಸೆಕೆಂಡಿಗೆ 24 ಸ್ಥಿರಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ತೋರಿಸುವಾಗ, ಎರಡು ಚಿತ್ರಗಳ ನಡುವೆ ಚಕ್ರ ಎಷ್ಟು ತಿರುಗಿತೆಂಬುದನ್ನು ಕಣ್ಣು ಊಹಿಸಿಕೊಳ್ಳುತ್ತದೆ, ಊಹೆ ತಪ್ಪುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವ ಬೋಗಿಯ ಗಾಲಿ ಒಂದು ಸೆಕೆಂಡಿನಲ್ಲಿ ಒಂಬತ್ತಕ್ಕಿಂತ ಹೆಚ್ಚು ಸುತ್ತು ಹಾಕುತ್ತದೆ. ಇಂತಹ ಚಲನೆಗೆ ಕಣ್ಣು ನಂಬಬಹುದಾದ ಸಾಕ್ಷಿಯಲ್ಲ.

ಹಾಗಾದರೆ ನಂಬಬಹುದಾದ ಸಾಕ್ಷಿ ಯಾವುದು? ಗಾಲಿಯ ಅಂಚಿನಲ್ಲಿ ಒಂದು ಬಿಂದುವನ್ನು ಗುರುತಿಸಿ, ಗಾಲಿ ಉರುಳುವಾಗ ಆ ಬಿಂದು ಸಾಗುವ ದಾರಿಯನ್ನು ತೆರೆಯ ಮೇಲೆ ಬರೆಯಿಸಿದರೆ ಸಾಕ್ಷಿ ದೊರೆಯುತ್ತದೆ. ಸರಿಯಾಗಿ ಉರುಳುವ ಗಾಲಿಯ ಬಿಂದು ಸೇತುವೆಯ ಕಮಾನುಗಳಂತಹ ಸಾಲನ್ನು ಬರೆಯುತ್ತದೆ. ಪ್ರತಿಯೊಂದು ಕಮಾನೂ ಹಳಿಯನ್ನು ಮುಟ್ಟುವಲ್ಲಿ ಚೂಪಾದ ಮೊನೆಯುಂಟಾಗುತ್ತದೆ. ಈ ವಕ್ರರೇಖೆಗೆ ‘ಸೈಕ್ಲಾಯ್ಡ್’ ಎಂದು ಹೆಸರು. ಗೆಲಿಲಿಯೋವಿನ ಕಾಲದಿಂದಲೂ ಗಣಿತಜ್ಞರ ಮನಸ್ಸನ್ನು ಸೆಳೆದ ರೇಖೆಯಿದು. ಇದರ ಒಂದು ಕಮಾನಿನ ಉದ್ದ ವೃತ್ತದ ವ್ಯಾಸದ ಸರಿಯಾಗಿ ನಾಲ್ಕರಷ್ಟು ಎಂಬುದನ್ನು ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ 1658ರಲ್ಲಿ ತೋರಿಸಿಕೊಟ್ಟನು. ತೆರೆಯ ಮೇಲೆ ಚೂಪಾದ ಮೊನೆಯ ಬದಲು ಸಣ್ಣ ಕುಣಿಕೆಗಳು ಮೂಡಿದರೆ ಗಾಲಿ ಅಗತ್ಯಕ್ಕಿಂತ ಹೆಚ್ಚು ಸುತ್ತುತ್ತಿದೆ ಎಂದರ್ಥ. ಮೊನೆಯಿರಬೇಕಾದಲ್ಲಿ ರೇಖೆ ಅಲೆಯಂತೆ ನಯವಾಗಿ ಬಾಗಿದರೆ ಗಾಲಿ ಕಡಿಮೆ ಸುತ್ತಿ ಜಾರುತ್ತಿದೆ ಎಂದರ್ಥ.

ಈ ಮೊನೆ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಹಳಿಯನ್ನು ಮುಟ್ಟಿದ ಕ್ಷಣದಲ್ಲಿ ಗಾಲಿಯ ಆ ಬಿಂದು ನಿಶ್ಚಲವಾಗಿರುತ್ತದೆ. ಅದೇ ಕ್ಷಣದಲ್ಲಿ ಗಾಲಿಯ ನೆತ್ತಿಯ ಬಿಂದು ರೈಲಿನ ಎರಡರಷ್ಟು ವೇಗದಲ್ಲಿ ಮುನ್ನುಗ್ಗುತ್ತಿರುತ್ತದೆ. ರೈಲುಗಾಲಿಯ ಒಳಬದಿಯಲ್ಲಿ ಹಳಿಯ ಮಟ್ಟಕ್ಕಿಂತ ಸುಮಾರು 28 ಮಿಲಿಮೀಟರ್ ಕೆಳಗಿಳಿಯುವ ಏಣಿನಂತಹ ಅಂಚೊಂದಿದೆ. ಗಾಲಿ ಹಳಿಯಿಂದ ಆಚೆಗೆ ಸರಿಯದಂತೆ ತಡೆಯುವುದು ಅದರ ಕೆಲಸ. ರೈಲು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಮುಂದಕ್ಕೆ ಓಡುತ್ತಿರುವಾಗ ಈ ಅಂಚಿನ ಕೆಳತುದಿ ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗದಿಂದ ಹಿಂದಕ್ಕೆ ಚಲಿಸುತ್ತಿರುತ್ತದೆ. ಮುಂದೆ ಓಡುವ ಪ್ರತಿಯೊಂದು ರೈಲಿನಲ್ಲಿಯೂ ಹಿಂದಕ್ಕೆ ಸಾಗುವ ಭಾಗವೊಂದು ಸದಾ ಇರುತ್ತದೆ ಎಂಬುದು ಸೋಜಿಗವಾದರೂ ನಿಜ.

ನೇರವಾದ ಹಳಿಯ ಮೇಲೆ ಗಾಲಿಯನ್ನು ಉರುಳಿಸಿದ ವಿದ್ಯಾರ್ಥಿನಿ ಬಾಗಿದ ಹಳಿಯ ಮೇಲೆ ಜೋಡಿಗಾಲಿಯನ್ನು ಉರುಳಿಸಲು ಹೋದಾಗ ಬೇರೊಂದು ತೊಡಕು ತಲೆದೋರುತ್ತದೆ. ತಿರುವಿನಲ್ಲಿ ಹೊರಗಿನ ಹಳಿ ಉದ್ದ, ಒಳಗಿನ ಹಳಿ ಗಿಡ್ಡ. ಭಾರತದ ಅಗಲಹಳಿಯ ಒಳ ಅಂತರ 1,676 ಮಿಲಿಮೀಟರ್. ಗಾಲಿಗಳು ಹಳಿಗಳನ್ನು ಮುಟ್ಟುವ ಬಿಂದುಗಳ ನಡುವೆ ಸುಮಾರು 1,750 ಮಿಲಿಮೀಟರ್ ದೂರವಿರುತ್ತದೆ. ರೈಲು ಒಂದು ಪೂರ್ಣ ವೃತ್ತವನ್ನು ಸುತ್ತಿ ಬಂದಿತೆಂದು ಭಾವಿಸಿದರೆ, ಹೊರಗಾಲಿ ಒಳಗಾಲಿಗಿಂತ ಸುಮಾರು 11 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಆ ವೃತ್ತ ಸಿದ್ದರಬೆಟ್ಟವನ್ನು ಸುತ್ತುವಷ್ಟಿರಲಿ, ಇಡೀ ಜಿಲ್ಲೆಯನ್ನು ಸುತ್ತುವಷ್ಟಿರಲಿ, ಈ 11 ಮೀಟರ್ ಬದಲಾಗುವುದಿಲ್ಲ. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಿರುವಾಗ, ಸುತ್ತುಗಳ ಸಂಖ್ಯೆ ಒಂದೇ ಆಗಿರುವಾಗ, ಒಂದು ಹೆಚ್ಚು ಓಡುವುದು ಹೇಗೆ?

ಇದಕ್ಕೆ ಉತ್ತರ ಗಾಲಿಯ ಆಕಾರದಲ್ಲಿದೆ. ರೈಲುಗಾಲಿಯ ಉರುಳುಮೈ ಮಟ್ಟಸವಾದ ಉರುಳೆಯಂತಿಲ್ಲ; ಅದು ಶಂಕುವಿನಂತೆ ಓರೆಯಾಗಿದೆ. ಒಳಬದಿಯಲ್ಲಿ ವ್ಯಾಸ ಹೆಚ್ಚು, ಹೊರಬದಿಯಲ್ಲಿ ಕಡಿಮೆ. ಈ ಓರೆ ಇಪ್ಪತ್ತಕ್ಕೆ ಒಂದರಷ್ಟಿರುವುದು ಭಾರತದಲ್ಲಿ ಬಹುಕಾಲದಿಂದ ಬಂದ ರೂಢಿ. ಎರಡು ಕಾಗದದ ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಸಮಾಂತರವಾದ ಎರಡು ಕೋಲುಗಳ ಇಳಿಜಾರಿನಲ್ಲಿ ಬಿಟ್ಟರೆ, ಅವು ಪಕ್ಕಕ್ಕೆ ಸರಿದರೂ ತಾವಾಗಿಯೇ ಮಧ್ಯಕ್ಕೆ ಬಂದು ಉರುಳುತ್ತವೆ. ತಳಕ್ಕೆ ತಳ ಸೇರಿಸಿದ ಲೋಟಗಳು ಬೇಗನೆ ಕೆಳಗೆ ಬೀಳುತ್ತವೆ. ರೈಲಿನ ಜೋಡಿಗಾಲಿ ಬಾಯಿಗೆ ಬಾಯಿ ಸೇರಿಸಿದ ಲೋಟಗಳ ಜಾತಿಗೆ ಸೇರಿದುದು. ತಿರುವಿನಲ್ಲಿ ಜೋಡಿಗಾಲಿ ತುಸು ಹೊರಕ್ಕೆ ಸರಿಯುತ್ತದೆ. ಆಗ ಹೊರಗಾಲಿ ತನ್ನ ದೊಡ್ಡ ವ್ಯಾಸದ ಮೇಲೂ ಒಳಗಾಲಿ ತನ್ನ ಚಿಕ್ಕ ವ್ಯಾಸದ ಮೇಲೂ ಉರುಳುತ್ತವೆ. ಸುತ್ತು ಒಂದೇ, ದೂರ ಬೇರೆ ಬೇರೆ. 1,750 ಮೀಟರ್ ತ್ರಿಜ್ಯದ ತಿರುವಿನಲ್ಲಿ 915 ಮಿಲಿಮೀಟರಿನ ಗಾಲಿಗೆ ಬೇಕಾದ ಸರಿತ ಐದು ಮಿಲಿಮೀಟರಿಗಿಂತಲೂ ಕಡಿಮೆ. ನೂರಾರು ಟನ್ ತೂಕದ ರೈಲನ್ನು ತಿರುವಿನಲ್ಲಿ ನಡೆಸುವುದು ಅಷ್ಟು ಸಣ್ಣ ಅಂತರ. ತಿರುವು ಇದರ ಹತ್ತರಷ್ಟು ಬಿಗಿಯಾದರೆ ಬೇಕಾದ ಸರಿತವೂ ಹತ್ತರಷ್ಟಾಗುತ್ತದೆ. ಅಷ್ಟು ಸರಿಯಲು ಎಡೆಯಿರುವುದಿಲ್ಲ. ಆಗ ಗಾಲಿಯ ಅಂಚು ಹಳಿಗೆ ಉಜ್ಜುತ್ತದೆ, ಗಾಲಿ ಜಾರುತ್ತದೆ. ಬಿಗಿಯಾದ ತಿರುವುಗಳಲ್ಲಿ ಕೇಳಿಬರುವ ಕಿರುಚು ಶಬ್ದಕ್ಕೆ ಇದೇ ಮೂಲ.

ಇದೇ ಶಂಕುವಿನಾಕಾರ ಒಂದು ದೋಷವನ್ನೂ ತಂದೊಡ್ಡುತ್ತದೆ. ಮಧ್ಯಕ್ಕೆ ಮರಳುವ ಜೋಡಿಗಾಲಿ ಅಲ್ಲಿಯೇ ನಿಲ್ಲದೆ ಇನ್ನೊಂದು ಬದಿಗೆ ಸರಿಯುತ್ತದೆ, ಮತ್ತೆ ಮರಳುತ್ತದೆ. ಹೀಗೆ ನೇರ ಹಳಿಯ ಮೇಲೂ ಅದು ಹಾವಿನಂತೆ ಹೊರಳುತ್ತಾ ಸಾಗುತ್ತದೆ. ಈ ಹೊರಳಾಟದ ನಿಯಮವನ್ನು ಜರ್ಮನಿಯ ಕ್ಲಿಂಗೆಲ್ ಎಂಬ ಎಂಜಿನಿಯರ್ 1883ರಲ್ಲಿ ಸೂತ್ರರೂಪದಲ್ಲಿ ಬರೆದನು. ಅದರಂತೆ ಮೇಲಿನ ಅಳತೆಯ ಜೋಡಿಗಾಲಿಯ ಒಂದು ಪೂರ್ಣ ಹೊರಳು ಸುಮಾರು 18 ಮೀಟರ್ ಉದ್ದ. ವೇಗ ಮಿತಿಮೀರಿದರೆ ಈ ಹೊರಳಾಟ ಬಲವಾಗಿ ಅಂಚುಗಳು ಹಳಿಗೆ ಬಡಿಯತೊಡಗುತ್ತವೆ. ಅದು ರೈಲು ಹಳಿ ತಪ್ಪುವುದಕ್ಕೂ ಕಾರಣವಾಗಬಲ್ಲದು.

ಇಲ್ಲಿಗೆ ಬರುವಾಗ ಆಕಾರ ಮತ್ತು ಚಲನೆಗಳ ಚಿತ್ರ ಸಾಲದಾಗುತ್ತದೆ. ಭಾರ, ಬಲ, ಘರ್ಷಣೆ, ಉಕ್ಕಿನ ಸೂಕ್ಷ್ಮವಾದ ಬಾಗುವಿಕೆ ಇವನ್ನೆಲ್ಲ ಲೆಕ್ಕಕ್ಕೆ ತರಬೇಕು. ರೈಲನ್ನು ಎಳೆಯುವ ಗಾಲಿ ಪೂರ್ತಿಯಾಗಿ ಜಾರದೆಯೂ ಪರಿಪೂರ್ಣವಾಗಿ ಉರುಳದೆಯೂ ಅತ್ಯಲ್ಪವಾಗಿ ನುಸುಳುತ್ತದೆ ಎಂಬುದನ್ನು ಇಂಗ್ಲೆಂಡಿನ ಕಾರ್ಟರ್ 1926ರಲ್ಲಿ ಗಣಿತದಿಂದ ವಿವರಿಸಿದನು. ಹಾಲೆಂಡಿನ ಕಾಲ್ಕರ್ ಆ ವಿಚಾರವನ್ನು ಗಣಕಕ್ಕೆ ಒಗ್ಗುವಂತೆ ಬೆಳೆಸಿದನು. ಇಂದು ಎಂಜಿನಿಯರುಗಳು ಮೊದಲು ತೆರೆಯ ಮೇಲೆ, ಅನಂತರ ನಿಜವಾದ ಹಳಿಯ ಮೇಲೆ ಗಾಲಿಯನ್ನು ಪರೀಕ್ಷಿಸುತ್ತಾರೆ. ಭಾರತದಲ್ಲಿ ಹೊಸ ಬೋಗಿಗಳ ಓಲಾಟವನ್ನು ಓಡುವ ರೈಲಿನಲ್ಲಿಯೇ ಅಳೆದು ನೋಡುವ ಹೊಣೆ ಲಖನೌದಲ್ಲಿರುವ ರೈಲ್ವೆಯ ಸಂಶೋಧನ ಸಂಸ್ಥೆಯದು. ತೆರೆಯ ಲೆಕ್ಕ ಒಪ್ಪಿದುದನ್ನು ಹಳಿಯೂ ಒಪ್ಪಿದ ಮೇಲೆಯೇ ಪ್ರಯಾಣಿಕರು ಏರುತ್ತಾರೆ.

ತೆರೆಯ ಮೇಲಿನ ಗಾಲಿ ಹಳಿ ತಪ್ಪಿದರೆ ಯಾರಿಗೂ ಗಾಯವಾಗುವುದಿಲ್ಲ. ಅನುಕರಣದ ದೊಡ್ಡ ಉಪಕಾರ ಇದೇ: ತಪ್ಪು ಎಲ್ಲಿ ನಿರಪಾಯವೋ ಅಲ್ಲಿಯೇ ಅದನ್ನು ಹಿಡಿಯಬಹುದು. ಆದರೆ ಹಿಡಿಯುವವರು ಬೇಕು. ಗಣಕ ತನಗೆ ಹೇಳಿದುದನ್ನು ಮಾಡುತ್ತದೆ. ಜಾರುವ ಗಾಲಿಯನ್ನು ತೋರಿಸೆಂದರೆ ಅದನ್ನೂ ಅಷ್ಟೇ ಅಂದವಾಗಿ ತೋರಿಸುತ್ತದೆ. ‘ಒಂದು ಸುತ್ತಿಗೆ ಎಷ್ಟು ದೂರ?’ ಎಂದು ಕೇಳುವುದು ಮನುಷ್ಯನ ಕೆಲಸ. ಆ ಪ್ರಶ್ನೆಗೆ ಬೇಕಾದ ಗಣಿತವು ವೃತ್ತದ ಪರಿಧಿಯ ಪಾಠದಲ್ಲಿಯೇ ಇದೆ. ಕಡಲೆಕಾಯಿಯ ಹೊಲಗಳ ನಡುವೆ ರೈಲಿಗಾಗಿ ನೆಲ ಹದವಾಗುವ ನಾಡಿನಲ್ಲಿ ಆ ಪಾಠವನ್ನು ಕಲಿಯುವ ಮಕ್ಕಳು ಮುಂದೆ ಗಾಲಿಯ ಲೆಕ್ಕವನ್ನು ಒರೆಗೆ ಹಚ್ಚುವವರಾದರೆ, ಸಾವಿರಾರು ಜನರ ಪ್ರಯಾಣಕ್ಕೆ ಅದೇ ಕಡೆಗೀಲಾಗುತ್ತದೆ.

*

ಶಬ್ದಾರ್ಥ

ಅಚ್ಚು – ಎರಡು ಗಾಲಿಗಳನ್ನು ಸೇರಿಸುವ ದಂಡ. ಎರಕ ಹೊಯ್ಯುವ ಪಡಿಯಚ್ಚು
ಕಡೆಗೀಲು – ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕೀಲು
ಕಟ್ಟಳೆ – ನಿಯಮ, ನಿರ್ಬಂಧ
ಪರಿಧಿ – ವೃತ್ತದ ಸುತ್ತಳತೆ
ಶಂಕು – ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಗೆ ಕಿರಿದಾಗುವ ಆಕಾರ
ಸರಿತ – ಪಕ್ಕಕ್ಕೆ ಸರಿಯುವಿಕೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬೆಂಗಳೂರಿನಿಂದ ತುಮಕೂರಿಗೆ ರೈಲು ಯಾವಾಗ ಬಂದಿತು?
2. ಯಲಹಂಕದ ಕಾರ್ಖಾನೆಯಲ್ಲಿ ಏನನ್ನು ತಯಾರಿಸುತ್ತಾರೆ?
3. ಹಳಿಯನ್ನು ಮುಟ್ಟಿದ ಕ್ಷಣದಲ್ಲಿ ಗಾಲಿಯ ಬಿಂದುವಿನ ಸ್ಥಿತಿ ಏನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಎತ್ತಿನ ಗಾಡಿಯ ಗಾಲಿಗೂ ರೈಲಿನ ಗಾಲಿಗೂ ಇರುವ ಭೇದವೇನು?
2. ತೆರೆಯ ಮೇಲಿನ ಗಾಲಿ ಮೊದಲು ಏಕೆ ಉರುಳಲಿಲ್ಲ?
3. ಸವೆದ ಗಾಲಿಯ ವ್ಯಾಸವನ್ನು ತಿದ್ದಿ ತಿಳಿಸದಿದ್ದರೆ ಏನಾಗುತ್ತದೆ?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಜೋಡಿಗಾಲಿಯು ತಿರುವಿನಲ್ಲಿ ಉರುಳುವ ಬಗೆಯನ್ನು ವಿವರಿಸಿರಿ.
2. ‘ಕಣ್ಣು ನಂಬಬಹುದಾದ ಸಾಕ್ಷಿಯಲ್ಲ’ – ಪಾಠದ ಆಧಾರದಿಂದ ಸಮರ್ಥಿಸಿರಿ.

ಈ) ಬಿಡಿಸಿ, ಸಂಧಿಯನ್ನು ಹೆಸರಿಸಿರಿ.
ಬಂಡೆಗಲ್ಲು, ಬೇರೊಂದು, ಹಳಿಯನ್ನು

ಉ) ಮಾಡಿ ನೋಡಿರಿ.
ಬೈಸಿಕಲ್ಲಿನ ಗಾಲಿಯ ವ್ಯಾಸವನ್ನು ಅಳೆದು ಪರಿಧಿಯನ್ನು ಲೆಕ್ಕ ಹಾಕಿರಿ. ಟೈರಿಗೆ ಸುಣ್ಣದ ಗುರುತು ಹಚ್ಚಿ ಹತ್ತು ಸುತ್ತು ಉರುಳಿಸಿ, ನೆಲದ ಮೇಲೆ ಮೂಡಿದ ಮೊದಲ ಗುರುತಿಗೂ ಕೊನೆಯ ಗುರುತಿಗೂ ಇರುವ ದೂರವನ್ನು ಅಳೆಯಿರಿ. ಲೆಕ್ಕಕ್ಕೂ ಅಳತೆಗೂ ವ್ಯತ್ಯಾಸ ಬಂದರೆ ಕಾರಣವನ್ನು ಚರ್ಚಿಸಿರಿ.